ಕೊಣಾಜೆ ಲೈನಿನಲ್ಲಿ ಕರ್ನಾಟಕದ ಸೋಲಾರ್ ಕರೆಂಟು ತರಬಹುದೇ? (ಕೇರಳದ ಮಂಜೇಶ್ವರ, ಐಸ್ ಪ್ಲಾಂಟ್)

ಉಪ್ಪಳ_ಐಸ್
300 ಕಿಲೋವ್ಯಾಟ್ ಲೋಡಿನ ಐಸ್ ಪ್ಲಾಂಟ್, 11 ಕೆವಿ ಕನೆಕ್ಷನ್. ಮಧ್ಯಾಹ್ನ ಕರ್ನಾಟಕದ ಕಡೆ ಸೋಲಾರ್ ಕರೆಂಟು ಅಗ್ಗ ಎನ್ನುತ್ತಾರೆ. ಕೊಣಾಜೆ–ಮಂಜೇಶ್ವರ 110 ಕೆವಿ ಲೈನ್ ಕಣ್ಣೆದುರೇ ಇದೆ. ಗಡಿಯ ತಲಪಾಡಿ ಆಚೆಯ ಕರೆಂಟನ್ನು ಅದರಲ್ಲೇ ತರಿಸಬಹುದೇ? ಕಾರ್ಬನ್ ನಿಜಕ್ಕೂ ಕಡಿಮೆಯಾಗುತ್ತದೆಯೇ?

ಗ್ರಿಡ್‌ಗಣಿತ
ಕೊಳ್ಳಬಹುದು, ಲೈನ್ ಆರಿಸುವ ಹಾಗಿಲ್ಲ. ಕರೆಂಟು ಅಡ್ಡಿ ಕಡಿಮೆ ಇರುವ ದಾರಿಗಳಲ್ಲೆಲ್ಲ ಹಂಚಿ ಹರಿಯುತ್ತದೆ. ಲೆಕ್ಕ ನಡೆಯುವುದು ರಾಜ್ಯದ ಗಡಿಯ ಒಟ್ಟು ಮೀಟರಿನಲ್ಲಿ. ಹಾಗಾಗಿ ತಲಪಾಡಿ ಹತ್ತಿರವೋ ಸೋಲಾರ್ ಪಾರ್ಕ್ ಇರುವ ಪಾವಗಡ ದೂರವೋ ಎಂಬುದು ಇಲ್ಲಿ ಮುಖ್ಯವೇ ಅಲ್ಲ, ಯಾವ ಗಂಟೆಯ ಕರೆಂಟು ಎಂಬುದು ಮುಖ್ಯ. ಎಕ್ಸ್‌ಚೇಂಜ್ (ಕರೆಂಟು ಕೊಳ್ಳುವ-ಮಾರುವ ಮಾರುಕಟ್ಟೆ) ದಿನವನ್ನು 15 ನಿಮಿಷದ 96 ಬ್ಲಾಕ್ ಮಾಡಿ ಮಾರುತ್ತದೆ. ಕರ್ನಾಟಕ ಎಸ್1 ವಲಯ, ಕೇರಳ ಎಸ್3. ನಡುವಿನ ಲೈನುಗಳ ಸಾಮರ್ಥ್ಯ ತುಂಬಿದರೆ ವಲಯಗಳ ದರ ಬೇರೆಯಾಗುತ್ತದೆ, ಆಗ ಅಲ್ಲಿಯ ಅಗ್ಗದ ದರ ನಿಮಗಿಲ್ಲ.

2022ರ ಹಸಿರು ಮುಕ್ತ ಪ್ರವೇಶ (ನವೀಕರಿಸಬಹುದಾದ ಕರೆಂಟನ್ನು ಬೇರೆಡೆಯಿಂದ ನೇರ ಕೊಳ್ಳುವ) ನಿಯಮದಲ್ಲಿ 100 ಕಿಲೋವ್ಯಾಟ್ ಮೇಲ್ಪಟ್ಟವರು ಅರ್ಜಿ ಹಾಕಬಹುದು. ಮೊದಲು 15 ನಿಮಿಷಕ್ಕೊಮ್ಮೆ ದಾಖಲಿಸುವ ಮೀಟರ್ ಬೇಕು, ಎಸ್‌ಎಲ್‌ಡಿಸಿ (ರಾಜ್ಯದ ಲೋಡ್ ನಿಯಂತ್ರಣ ಕೇಂದ್ರ) ಒಪ್ಪಿಗೆ ಬೇಕು, ಎಕ್ಸ್‌ಚೇಂಜ್ ಸದಸ್ಯರ ಮೂಲಕ ಬಿಡ್ ಹಾಕಬೇಕು. ಡೇ-ಅಹೆಡ್‌ನ, ಅಂದರೆ ನಾಳೆಯ ಕರೆಂಟನ್ನು ಇಂದೇ ಕೊಳ್ಳುವ ಮಾರುಕಟ್ಟೆಯ, ಕನಿಷ್ಠ ಬಿಡ್ 0.1 ಮೆಗಾವ್ಯಾಟ್. ಸಾದಾ ಡೇ-ಅಹೆಡ್‌ನಲ್ಲಿ ಕೊಂಡರೆ ಕಲ್ಲಿದ್ದಲಿನದೂ ಸೇರಿರುತ್ತದೆ. 2021ರಲ್ಲಿ ಶುರುವಾದ ಹಸಿರು ಡೇ-ಅಹೆಡ್‌ನಲ್ಲಿ ಕೊಂಡದ್ದು ನವೀಕರಿಸಬಹುದಾದ ಲೆಕ್ಕಕ್ಕೆ ಸೇರುತ್ತದೆ.

ಬಿಲ್ಲುಬಾಣ
ಎಕ್ಸ್‌ಚೇಂಜ್ ದರ ನೋಡಿ ಮರುಳಾಗಬೇಡಿ ಅಣ್ಣಾ. ಅದರ ಮೇಲೆ ಟ್ರಾನ್ಸ್‌ಮಿಷನ್ (ದೊಡ್ಡ ಲೈನಿನ ಬಾಡಿಗೆ), ವೀಲಿಂಗ್ (ಊರಿನ ವಿತರಣಾ ಲೈನಿನ ಬಾಡಿಗೆ), ಕ್ರಾಸ್ ಸಬ್ಸಿಡಿ ಸರ್ಚಾರ್ಜ್ (ಅಗ್ಗದ ದರದ ಗ್ರಾಹಕರ ಸಬ್ಸಿಡಿಗೆ ನಿಮ್ಮ ಪಾಲು) ಬೀಳುತ್ತವೆ. ಲೈನಿನಲ್ಲಿ ಸೋರುವ ಕರೆಂಟಿನ ನಷ್ಟವೂ ನಿಮ್ಮದೇ. ಲೆಕ್ಕಕ್ಕೆಂದು ಅಂತರರಾಜ್ಯ 4%, ರಾಜ್ಯ 3%, ವಿತರಣೆ 5% ಹಿಡಿಯಿರಿ: ನಿಮ್ಮ ಮೀಟರಿಗೆ 1000 ಯೂನಿಟ್ ತಲುಪಲು ಸುಮಾರು 1130 ಕೊಳ್ಳಬೇಕು. ನಿಯಮದಲ್ಲಿ 12 ಬ್ಲಾಕ್, ಅಂದರೆ 3 ಗಂಟೆಯವರೆಗೆ ಪ್ರಮಾಣ ಬದಲಿಸಬಾರದೆಂಬ ಷರತ್ತು ಹಾಕಲು ಅವಕಾಶವಿದೆ. ನಡುವೆ ಕಂಪ್ರೆಸರ್ ಟ್ರಿಪ್ ಆದರೆ ಕೊಂಡ ಕರೆಂಟಿಗೆ ಹಣ ಕೊಟ್ಟಾಗಿರುತ್ತದೆ, ಐಸ್ ಆಗಿರುವುದಿಲ್ಲ.

ಐಸ್ ಪ್ಲಾಂಟಿಗೆ ಇನ್ನೊಂದು ಕಿರಿಕಿರಿ: ಟ್ಯಾಂಕಿನ ಉಪ್ಪುನೀರು −10 ಡಿಗ್ರಿಯಲ್ಲಿದ್ದರೂ 50 ಕೆಜಿಯ ಐಸ್ ಬ್ಲಾಕ್ ಗಟ್ಟಿಯಾಗಲು 18–20 ಗಂಟೆ ಬೇಕು. ಬಿಸಿಲಿನ ಆರು ಗಂಟೆಯಲ್ಲಿ ಮುಗಿಯುವ ಕೆಲಸವಲ್ಲ. ಹಗಲು ಎಲ್ಲ ಕಂಪ್ರೆಸರ್ ಓಡಿಸಿ ಟ್ಯಾಂಕ್ ಚೆನ್ನಾಗಿ ತಣಿಸಿ, ಸಂಜೆ 6ರಿಂದ 10ರವರೆಗೆ ಒಂದೇ ಕಂಪ್ರೆಸರ್ ಓಡಿಸಿ.

ಗ್ರಿಡ್‌ಗಣಿತ
ಕಾರ್ಬನ್ ಪ್ರಶ್ನೆ ಉಳಿದಿತ್ತು. ದೇಶದ ಗ್ರಿಡ್ ಸರಾಸರಿ ಯೂನಿಟಿಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್. ನಿಜವಾದ ಉಳಿತಾಯ ರಾಜ್ಯಗಳ ಮಟ್ಟದಲ್ಲಿದೆ. ಹಗಲು ಪಕ್ಕದ ರಾಜ್ಯದ ಸೋಲಾರ್ ಬಳಸಿದರೆ ಇಡುಕ್ಕಿಯ 780 ಮೆಗಾವ್ಯಾಟ್ ಜಲವಿದ್ಯುತ್ ಸ್ಥಾವರದ ನೀರನ್ನು ಸಂಜೆಯ ಪೀಕ್‌ಗೆ ಉಳಿಸಬಹುದು. ಆ ಹೊತ್ತಿಗೆ ಕಲ್ಲಿದ್ದಲು ತಗ್ಗುತ್ತದೆ. ಕೇರಳ ಬೇಸಿಗೆಯಲ್ಲಿ ಬೇರೆ ರಾಜ್ಯಗಳಿಂದ ಕರೆಂಟು ಪಡೆದು ಮಳೆಗಾಲದಲ್ಲಿ ಹಿಂದಿರುಗಿಸುವುದೂ ಇಂಥದೇ ವಿನಿಮಯ. ಜುಲೈ–ಆಗಸ್ಟಿನಲ್ಲಿ ಅಣೆಕಟ್ಟು ತುಂಬಿದ್ದರೆ ಉಳಿಸಲು ಜಾಗವಿರುವುದಿಲ್ಲ. ಕರ್ನಾಟಕದ ಗಾಳಿ ವಿದ್ಯುತ್ತೂ ಆಗಲೇ ಜಾಸ್ತಿ. ಆ ತಿಂಗಳುಗಳಲ್ಲಿ ಇದರಿಂದ ಹೆಚ್ಚೇನೂ ಆಗದು.

ಉಪ್ಪಳ_ಐಸ್
ಹಾಗಾದರೆ ಮೊದಲು ಕಳೆದ ಒಂದು ವರ್ಷದ 15 ನಿಮಿಷದ ಲೋಡ್ ದಾಖಲೆ ತೆಗೆಸುತ್ತೇನೆ.

ಬಿಲ್ಲುಬಾಣ
ಅದರ ಜೊತೆ ಅದೇ ದಿನಗಳ ಎಸ್3 ದರವನ್ನೂ ಇಡಿ. ಎಸ್1ದು ನೋಡಿ ಲೆಕ್ಕ ಹಾಕಬೇಡಿ.