ಬನ್ನಿ ಅಂದಿಲ್ಲ, ಹೊತ್ತು ಮಾತ್ರ ತಿಳಿಸಿದ್ದಾರೆ: ಬ್ರಿತ್ ಮಿಲಾಗೆ ಹೋಗಬಹುದಾ?

ಪ್ರಶ್ನೆ, ನ್ಯೂಜೆರ್ಸಿಯಿಂದ:
ಆಫೀಸಿನ ಯಹೂದಿ ಗೆಳೆಯನಿಗೆ ಗಂಡು ಮಗು ಹುಟ್ಟಿದೆ. ಎಂಟನೇ ದಿನ ಬೆಳಿಗ್ಗೆ ಸಿನಗಾಗ್‌ನಲ್ಲಿ, ಅಂದರೆ ಅವರ ಪ್ರಾರ್ಥನಾ ಮಂದಿರದಲ್ಲಿ, ಬ್ರಿತ್ ಮಿಲಾ (ಸುನ್ನತಿ) ಅಂತ ಮೆಸೇಜ್ ಹಾಕಿದ್ದಾನೆ. ಬನ್ನಿ ಅಂತ ಬರೆದಿಲ್ಲ. ನಾವಿಬ್ಬರೂ ಹೋಗಬಹುದಾ? ಏನು ಒಯ್ಯಬೇಕು? ಅಷ್ಟು ಎಳೆ ಮಗುವಿಗೆ ಇದು ಬೇಕಾ ಅಂತ ಹೆಂಡತಿಗೆ ಸಂಕಟ. ಹೋಗಿ ಬಂದವರು ಹೇಳಿ.

ಇಸ್ರೇಲಿನಿಂದ:
ಖಂಡಿತ ಹೋಗಿ. ಸಂಪ್ರದಾಯಸ್ಥರ ಮನೆಗಳಲ್ಲಿ ಇದಕ್ಕೆ ಬಾಯಿಬಿಟ್ಟು ಕರೆಯುವುದಿಲ್ಲ. ಕರೆದ ಮೇಲೂ ಬಾರದಿದ್ದರೆ ಪುಣ್ಯದ ಕೆಲಸವನ್ನೇ ಬೇಡ ಅಂದಂತೆ ಅಲ್ವಾ? ಅದಕ್ಕೇ ದಿನ, ಹೊತ್ತು ಮಾತ್ರ ತಿಳಿಸುತ್ತಾರೆ.

ನಾನು ಮಂಗಳೂರು ಕಡೆಯವಳು, ಇಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ. ನಾನು ನೋಡಿಕೊಳ್ಳುವ ಅಜ್ಜ ತಮ್ಮ ಮರಿಮಗನಿಗೆ ಸಂದೆಕ್ ಆಗಿದ್ದರು. ಸುನ್ನತಿ ಆಗುವಾಗ ಮಗುವನ್ನು ತೊಡೆಯ ಮೇಲೆ ಹಿಡಿಯುವವರು ಸಂದೆಕ್. ಅದು ಬಹಳ ದೊಡ್ಡ ಗೌರವ. ಅಜ್ಜನಿಗೆ ಕೈ ನಡುಕ. ತೊಡೆಗೆ ದಿಂಬು ಕೊಟ್ಟು, ಮಗುವಿನ ಕಾಲನ್ನು ಮೊಮ್ಮಗ ಹಿಡಿದುಕೊಂಡ. ಮಗು ಒಳಗೆ ಬಂದಾಗ ಎಲ್ಲರೂ ಎದ್ದು ‘ಬರೂಖ್ ಹಬಾ’ ಅಂತ ಸ್ವಾಗತಿಸಿದರು. ಮೊದಲು ಪ್ರವಾದಿ ಎಲೀಯನ ಕುರ್ಚಿಯ ಮೇಲೆ ಮಲಗಿಸಿದರು. ಅದು ಎಲೀಯನಿಗೇ ಮೀಸಲು, ಖಾಲಿ ಇದೆ ಅಂತ ಕೂತುಬಿಡಬೇಡಿ. ಸುನ್ನತಿ ಮಾಡುವ ಮೊಹೆಲ್ ಕೆಲಸ ಬೇಗ ಮುಗಿಯಿತು. ತುಟಿಗೆ ಒಂದು ಹನಿ ವೈನ್. ತಾಯಿ ಪಕ್ಕದ ಕೋಣೆಯಲ್ಲಿ ಅಳುತ್ತಿದ್ದಳು. ನಿಮ್ಮ ಹೆಂಡತಿ ಅಂಥ ಕಡೆ ಜೊತೆಗಿದ್ದರೆ ಒಳ್ಳೆಯದು, ನೋಡಲೇಬೇಕು ಅಂತೇನಿಲ್ಲ.

ಮಗುವಿನ ಹೆಸರು ಹೇಳುವುದು ಅಲ್ಲೇ. ಮೊದಲೇ ಕೇಳಬೇಡಿ. ಆಮೇಲೆ ಊಟ, ಉಂಡೇ ಬನ್ನಿ.

ಮಕ್ಕಳ ವಾರ್ಡಿನ ನರ್ಸ್, ನ್ಯೂಯಾರ್ಕ್:
ಹಿಂದಿನ ದಿನ ಇನ್ನೊಮ್ಮೆ ವಿಚಾರಿಸಿ. ಕಾಮಾಲೆ ಜಾಸ್ತಿ ಇದ್ದರೆ ಮುಂದೂಡುತ್ತಾರೆ. ಸುನ್ನತಿಯಿಂದ ಇಬ್ಬರು ಅಣ್ಣಂದಿರು ತೀರಿಕೊಂಡಿದ್ದರೆ ಮೂರನೆಯವನಿಗೆ ಮಾಡಬಾರದು ಅಂತ ಯಹೂದಿಗಳ ಹಳೆಯ ಧರ್ಮಗ್ರಂಥ ತಾಲ್ಮುದಿನಲ್ಲೇ ಇದೆ. ರಕ್ತ ಹೆಪ್ಪುಗಟ್ಟದ ಕಾಯಿಲೆಯ ಹೆಸರೇ ಗೊತ್ತಿಲ್ಲದ ಕಾಲದ ಮಾತು ಅದು.

ನಾನು ಒಪ್ಪದ್ದು ಒಂದಿದೆ. ಕೆಲವು ಕಟ್ಟಾ ಪಂಗಡಗಳಲ್ಲಿ ಮೊಹೆಲ್ ಗಾಯದ ರಕ್ತವನ್ನು ಬಾಯಿಂದ ಹೀರುತ್ತಾರೆ. ಹರ್ಪಿಸ್ ವೈರಸ್ ತಗುಲಿ ಮಕ್ಕಳು ಸತ್ತಿದ್ದಾರೆ. ಇದಕ್ಕೆ ತಂದೆತಾಯಿಯ ಲಿಖಿತ ಒಪ್ಪಿಗೆ ಬೇಕು ಅಂತ 2012ರಲ್ಲಿ ನ್ಯೂಯಾರ್ಕ್ ನಗರ ನಿಯಮ ತಂದಿತು, 2015ರಲ್ಲಿ ಕೈಬಿಟ್ಟಿತು. ಗಾಜಿನ ಕೊಳವೆ ಬಳಸುವವರೂ ಇದ್ದಾರೆ, ಅದು ಎಷ್ಟೋ ವಾಸಿ.

ಜರ್ಮನಿಯಿಂದ:
ನಿಮ್ಮ ಹೆಂಡತಿಯ ಸಂಕಟ ಸುಮ್ನೆ ಅಲ್ಲ. ಇಲ್ಲಿ 2012ರಲ್ಲಿ ಕಲೋನ್ ಕೋರ್ಟು ಒಬ್ಬ ಮುಸ್ಲಿಂ ಹುಡುಗನ ಕೇಸಿನಲ್ಲಿ, ಧರ್ಮಕ್ಕಾಗಿ ಮಾಡುವ ಸುನ್ನತಿ ಮಗುವಿನ ದೇಹಕ್ಕೆ ಹಾನಿ ಅಂದಿತು. ಯಹೂದಿಗಳೂ ಮುಸ್ಲಿಮರೂ ಕಂಗಾಲಾದರು. ಅದೇ ಡಿಸೆಂಬರಿನಲ್ಲಿ ಸಂಸತ್ತು ಕಾನೂನು ಮಾಡಿ ಅವಕಾಶ ಕೊಟ್ಟಿತು. ತರಬೇತಾದ ಮೊಹೆಲ್ ಆರು ತಿಂಗಳೊಳಗಿನ ಮಗುವಿಗೆ ಮಾಡಬಹುದು. ಮಗು ದೊಡ್ಡದಾಗಿ ತಾನೇ ಹೇಳಲಿ ಅನ್ನುವವರ ಕಡೆ ನಾನಿದ್ದೇನೆ. ಯಹೂದಿಗಳಲ್ಲೇ ಕೆಲವರು ಕತ್ತರಿಸದೆ ಹೆಸರಿಡುವ ಬ್ರಿತ್ ಶಾಲೋಮ್ ಮಾಡುತ್ತಾರೆ. ಆದರೂ ನನ್ನ ಗೆಳತಿಯ ಮಗನದಕ್ಕೆ ಹೋಗಿದ್ದೆ. ವಾದವನ್ನು ಅವಳ ಜೊತೆ ಬೇರೆ ದಿನ ಮಾಡಿದೆ. ಅವಳೂ ಬಿಡಲಿಲ್ಲ.

ಮುಂಬೈ ಪಕ್ಕದ ಠಾಣೆ ಊರಿನಿಂದ:
ಇಲ್ಲಿನ ಬೆನೆ ಇಸ್ರೇಲ್ ಯಹೂದಿಗಳು ಶುಭ ಕಾರ್ಯಗಳಲ್ಲಿ ಎಲೀಯನ ಹೆಸರಲ್ಲಿ ಮಲಿದಾ ಮಾಡುತ್ತಾರೆ. ಅವಲಕ್ಕಿ, ತೆಂಗಿನತುರಿ, ಸಕ್ಕರೆ, ಹಣ್ಣು. ನೀವು ಮಾತ್ರ ಮನೆಯಡುಗೆ ಒಯ್ಯಬೇಡಿ, ಕೋಷರ್ ಅಂತ ಅವರ ಆಹಾರದ ಧಾರ್ಮಿಕ ನಿಯಮ ಇರುತ್ತದೆ. ಮಗುವಿಗೆ ಬಟ್ಟೆ ಕೊಡಿ. ಶನಿವಾರವಾದರೆ ಅದು ಅವರ ಸಬ್ಬತ್, ವಿಶ್ರಾಂತಿಯ ದಿನ, ಕೈಯಲ್ಲಿ ಏನೂ ಬೇಡ. ‘ಮಜಲ್ ತೋವ್’ (ಶುಭಾಶಯ) ಅನ್ನಿ, ಸಾಕು.