ಪದಚರ್ಚೆ: ಎಂಜಿನ್ ಕಾದಾಗ ಸೆಲ್ಫ್ ಮುಲುಗಿದರೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ದಾವಣಗೆರೆ ಪಿ.ಬಿ. ರಸ್ತೆಯ ಗ್ಯಾರೇಜೊಂದರ ಬೋರ್ಡ್ ಸಂಜೆಯೊಳಗೆ ಪೇಂಟರ್ ಕೈ ಸೇರಬೇಕು. ಹಳೆಯ ವಿ8 (ಎಂಟು ಸಿಲಿಂಡರಿನ) ಕಾರುಗಳ 'ಹಾಟ್ ಸ್ಟಾರ್ಟ್' ರಿಪೇರಿಗೆ, ಅಂದರೆ ಎಂಜಿನ್ ಕಾದಾಗ ಮತ್ತೆ ಚಾಲೂ ಆಗದ ತೊಂದರೆಗೆ, 'ಬಿಸಿ ಚಾಲನೆ ತೊಂದರೆ' ಆದೀತೇ?

> ಆಗದು. ಚಾಲನೆ ಅಂದರೆ ಓಡಿಸುವುದು. ಇಲ್ಲಿ ಗಾಡಿ ಚಾಲೂ ಆಗುವುದೇ ಇಲ್ಲ. ತೊಂದರೆಯೂ ಒಂದಲ್ಲ, ಎರಡು. ಸೆಲ್ಫ್ ಜೋರಾಗಿ ತಿರುಗಿಯೂ ಎಂಜಿನ್ ಹಿಡಿಯದಿದ್ದರೆ ಕಾರ್ಬುರೇಟರ್ ಬಟ್ಟಲಿನ ಪೆಟ್ರೋಲ್ ಕುದಿದು ಮ್ಯಾನಿಫೋಲ್ಡಿಗೆ (ಎಂಜಿನ್ ಒಳಗೊಯ್ಯುವ ಕೊಳವೆಗೆ) ಇಳಿದಿರುತ್ತದೆ. ಕಾರ್ಬುರೇಟರ್ ಕೆಳಗೆ ಶಾಖ ತಡೆಯುವ ಸ್ಪೇಸರ್ ಬೇಕು. ಸೆಲ್ಫೇ ಮುಲುಗಿದರೆ ಬೇರೆ ಲೆಕ್ಕ. ಎಕ್ಸಾಸ್ಟ್ ಪಕ್ಕದಲ್ಲಿ ಕೂತ ಸೆಲ್ಫಿನ ವೈಂಡಿಂಗ್ (ತಂತಿ ಸುರುಳಿ) 100 ಡಿಗ್ರಿ ಹೆಚ್ಚು ಕಾದರೆ ತಾಮ್ರದ ರೋಧ ಸುಮಾರು ಶೇ. 39 ಏರುತ್ತದೆ. ಸೆಲ್ಫ್ ಹೊಡೆಯುತ್ತಿರುವಾಗಲೇ ಮೀಟರ್ ಹಿಡಿಯಿರಿ: ಬ್ಯಾಟರಿ ಪ್ಲಸ್‌ನಿಂದ ಸೆಲ್ಫ್ ಬೋಲ್ಟಿಗೆ 0.5 ವೋಲ್ಟ್, ಬ್ಲಾಕ್‌ನಿಂದ ಮೈನಸ್‌ಗೆ 0.2 ವೋಲ್ಟ್ ದಾಟಿದರೆ ಕೇಬಲ್ ಅಥವಾ ಅರ್ತ್ (ಮೈನಸ್ ಕಡೆಯ ಜೋಡಣೆ) ಕೆಟ್ಟಿದೆ. ಅರ್ತ್ ಪಟ್ಟಿಯಡಿ ಬಣ್ಣ ಉಳಿದಿದ್ದರೆ ಕೆರೆದು ಬಿಗಿಯಿರಿ. ಅಲ್ಲೆಲ್ಲ ಸರಿಯಿದ್ದರೆ ಕಿಡಿ ಹುಟ್ಟಿಸುವ ಕಾಯಿಲ್‌ಗೆ ಬರುವ ವೈರ್ ಕಳಚಿ ಹೊಡೆದು ನೋಡಿ. ಸರಾಗ ತಿರುಗಿತೋ, ಟೈಮಿಂಗ್ (ಕಿಡಿ ಹತ್ತುವ ಹೊತ್ತು) ಅತಿ ಮುಂದಿದೆ; ಪಿಸ್ಟನ್ ಮೇಲೆ ಮುಟ್ಟುವ ಮೊದಲೇ ಕಿಡಿ ಹತ್ತಿ ಹಿಂದಕ್ಕೆ ಒದೆಯುತ್ತದೆ. ಆಗಲೂ ಮುಲುಗಿದರೆ ಹೀಟ್ ಶೀಲ್ಡ್ (ಶಾಖ ತಡೆಯುವ ಹೊದಿಕೆ), ಇಲ್ಲವೇ ಗೇರ್ ಇರುವ ಸೆಲ್ಫ್ ಹಾಕಿಸಿ. 'ಎಂಜಿನ್ ಕಾದಾಗಿನ ಸೆಲ್ಫ್ ರಿಪೇರಿ' ಅಂತ ಬರೆಸಿ.

>> 'ಸೆಲ್ಫ್' ಬೇಡವೇ ಬೇಡ. 'ಸೆಲ್ಫ್ ಸ್ಟಾರ್ಟರ್' ಎಂಬುದರ ಬಾಲ ಕತ್ತರಿಸಿದ್ದು, ಇಂಗ್ಲಿಷರಿಗೇ ತಿಳಿಯದು. ಹಳಗನ್ನಡದ 'ಬಿಸುಪು' ಇದೆ. ಬಿಸಿ, ಬಿಸಿಲು ಅದೇ ಬೇರಿನವು. 'ಬಿಸುಪುಸೋಲು' ಅನ್ನಿ. 'ಕಾದ' ಎಂದರೆ ದಾರಿ ಕಾದದ್ದು ಎಂದೂ ಆಗುತ್ತದೆ.

>>> ಹಾಲು ಕಾದಿದೆ ಅಂದರೆ ಯಾರ ದಾರಿ ಕಾದಿದೆ ಸಾರ್? ಚಿತ್ರದುರ್ಗದ ಯಾವ ಮೆಕ್ಯಾನಿಕ್‌ಗೂ 'ಬಿಸುಪುಸೋಲು' ಅರ್ಥವಾಗದು. ಎಂಜಿನ್, ಬ್ಯಾಟರಿ ಇಟ್ಟುಕೊಂಡು ಸೆಲ್ಫ್ ಒಂದನ್ನೇ ಹೊರಹಾಕುವುದು ಯಾವ ನ್ಯಾಯ? ಬಾಲ ಕತ್ತರಿಸಿದ್ದಕ್ಕೇ ಅದು ನಮ್ಮದಾಯಿತು. 'ಸೆಲ್ಫ್ ಹೊಡಿ' ಅಪ್ಪಟ ಕನ್ನಡ.

>>>> ಕ್ರಿಯಾಪದ ಉಳಿದರೆ ಸಾಕೆಂದು ನಾಮಪದಗಳನ್ನೆಲ್ಲ ಬಿಟ್ಟುಕೊಡುತ್ತ ಹೋದರೆ ನುಡಿಯಲ್ಲಿ ಉಳಿಯುವುದು ಬರೀ 'ಮಾಡು', 'ಹೊಡಿ'. ಒಪ್ಪುವುದಿಲ್ಲ.

>>>>> ಜಗಳ ಆಮೇಲೆ. ಬೋರ್ಡಿನಲ್ಲಿ 'ತಿರುಗದಿದ್ದರೆ' ಎಂದು ಮಾತ್ರ ಹಾಕಬೇಡಿ, 'ಮುಲುಗಿದರೆ' ಅನ್ನಿ. ಟಕ್ ಅಂದು ತಿರುಗದೆ ನಿಲ್ಲುವುದು ಬಹುಪಾಲು ಸೊಲೆನಾಯ್ಡ್ (ಸೆಲ್ಫಿಗೆ ಕರೆಂಟ್ ಬಿಡುವ ಅಯಸ್ಕಾಂತ ಸ್ವಿಚ್) ದೋಷ: ಅದರ ಕಾದ ಕಾಯಿಲ್‌ಗೆ ಹಳೆಯ ಕೀ ಸ್ವಿಚ್ ವೈರ್ ಸಾಕಷ್ಟು ಕರೆಂಟ್ ಕೊಡುವುದಿಲ್ಲ. ಅದಕ್ಕೆ ಬ್ಯಾಟರಿಯಿಂದ ನೇರ ಲೈನ್ ಎಳೆದು, ಫ್ಯೂಸ್ ಹಾಕಿ, ಕೀ ಸ್ವಿಚ್ಚಿನಿಂದ ನಡೆಯುವ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಬಿಡುವ ಸ್ವಿಚ್) ಕೂರಿಸಿದರೆ ಸಾಕು, ಸೆಲ್ಫ್ ಇಳಿಸಬೇಕಿಲ್ಲ.