ಅಪ್‌ಡೇಟ್: ಹಳೇ ಡೈರಿ, ಪರೇಲ್ ಹೋಟೆಲು

ಮುಂಬೈನ ಪರೇಲ್‌ನಲ್ಲಿ ಹೋಟೆಲಿನ ಕೆಲಸಕ್ಕಿದ್ದಾಗ ಬರೆದ ಡೈರಿಗಳನ್ನು ಆತ್ಮಕಥೆ ಮಾಡೋದು ಹೇಗೆ ಅಂತ ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆನಲ್ಲ. "ಎಲ್ಲಾ ಟೈಪ್ ಮಾಡ್ತಾ ಕೂರಬೇಡಿ, ಒಂದು ದಿನ ಆರಿಸಿಕೊಳ್ಳಿ" ಅಂದಿದ್ದಿರಿ. ಅದೇ ಕೆಲಸಕ್ಕೆ ಬಂತು.

ಆರಿಸಿದ್ದು 1982ರ ಜನವರಿ 18, ಮುಂಬೈನ ಬಟ್ಟೆ ಗಿರಣಿಗಳ ಮುಷ್ಕರ ಶುರುವಾದ ದಿನ. ಡೈರಿಯಲ್ಲಿರೋದು ಇಷ್ಟೇ: "ಮಿಲ್ ಬಂದ್. ಇಡ್ಲಿ ಉಳಿಯಿತು. ಧಣಿ ಬೈದರು." ಇಡ್ಲಿ ಯಾಕೆ ಉಳಿಯಿತು? ಬೆಳಗಿನ ಪಾಳಿಯವರು ಬರಲಿಲ್ಲ. ಧಣಿ ಯಾಕೆ ಬೈದರು? ಆ ಪಾಳಿಯವರ ಉದ್ರಿ ಪುಸ್ತಕ ಗಲ್ಲಾ ಪಕ್ಕ ಮೊಳೆಗೆ ನೇತಾಡುತ್ತಿತ್ತು. ಹೀಗೆ ಕೇಳಿಕೊಳ್ಳುತ್ತಾ ಹೋದೆ, ಪುಟಗಟ್ಟಲೆ ಆಯಿತು.

ಕಷ್ಟ ಆಗಿದ್ದು ಬೇರೆ ಕಡೆ. ಮುಷ್ಕರ ವರ್ಷ ದಾಟಿತು, ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಅದರಲ್ಲಿದ್ದರು ಅನ್ನೋದು ಈಗ ಗೊತ್ತು. ಡೈರಿ ಬರೆದ ಅವತ್ತಿನ ಆ ಹುಡುಗ ವಾರದಲ್ಲಿ ಮುಗಿಯುತ್ತೆ ಅಂದುಕೊಂಡಿದ್ದ. ಅದಕ್ಕೇ ಮುಂದಿನ ಸುದ್ದಿಯನ್ನೆಲ್ಲ ಆ ಅಧ್ಯಾಯದಿಂದ ತೆಗೆದೆ. ನಾನೇ ಹೇಳಬಾರದು, ಆದರೂ ಚೆನ್ನಾಗಿ ಬಂದಿದೆ.

ಡೈರಿಯಲ್ಲಿಲ್ಲದ ಸಂಭಾಷಣೆಯನ್ನು ಊಹಿಸಿ ಬರೆಯಬಹುದಾ ಅಂತ ನಿಮ್ಮಲ್ಲೇ ವಾದ ಆಗಿತ್ತು ಅಲ್ವಾ? ನನ್ನ ತೀರ್ಮಾನ: ಡೈರಿಯಲ್ಲಿರುವ ಮಾತು ಮಾತ್ರ ಆತ್ಮಕಥೆಗೆ. ಉದ್ರಿ ತೀರಿಸದೆ ಊರಿಗೆ ಹೋದ ಒಬ್ಬ ಬದಲಿ ಕಾರ್ಮಿಕನ (ಕಾಯಂ ಕೆಲಸದವರು ಬಾರದ ದಿನ ಗಿರಣಿಗೆ ಹೋಗುವವನು) ಮನಸ್ಸಲ್ಲಿ ಏನಿತ್ತೋ, ನನಗೇನು ಗೊತ್ತು? ಅವನದನ್ನು ಹೆಸರು, ಊರು ಬದಲಿಸಿ ಕಥೆ ಮಾಡಿದೆ. ಧಣಿಯ ಮಗನಿಗೂ ಕರಡು ತೋರಿಸಿದೆ. "ಬೈಗುಳ ಇರಲಿ ಬಿಡಿ" ಎಂದರು.

ಮುಂದಿನ ಅಧ್ಯಾಯ, ಮುಂಬೈಯನ್ನು ಮುಳುಗಿಸಿದ 2005ರ ಜುಲೈ 26ರ ಮಳೆ. ಆ ಪುಟ ಖಾಲಿ. ಮನೆಯವಳಿಗೆ ಎಲ್ಲಾ ನೆನಪಿದೆ. ಅವಳು ಹೇಳಿದ್ದನ್ನು ನನ್ನ ಪುಸ್ತಕದಲ್ಲಿ ಹೇಗೆ ಸೇರಿಸಲಿ, ಹೇಳ್ತೀರಾ?